ಮಲೆನಾಡಿನ ಮಳೆಗೆ ಮಣ್ಣಿನ ಮನೆ: ಪಾಯದಿಂದ ಸೂರಿನವರೆಗೆ

ಮಣ್ಣಿನ ಇಟ್ಟಿಗೆಯಲ್ಲಿ ಮನೆ ಕಟ್ಟುತ್ತೇವೆ ಅಂದಾಗ ನಮ್ಮೂರಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ತೀರ್ಥಹಳ್ಳಿ ಸೀಮೆಯಲ್ಲಿ ಮಣ್ಣಿನ ಗೋಡೆನಾ? ಒಂದು ಆರಿದ್ರ ಮಳೆ ತಡೆಯುತ್ತಾ ಮಾರಾಯ್ರೇ?"

ಕೇಳಿದ್ದು ತಪ್ಪಲ್ಲ. ನಮ್ಮದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುತ್ತದೆ. ಆದರೆ ಇದೇ ಸೀಮೆಯಲ್ಲಿ ನೂರು ವರ್ಷ ದಾಟಿದ ಮಣ್ಣಿನ ಗೋಡೆಗಳೂ ನಿಂತಿವೆ. ಅಂಥ ಒಂದು ಮನೆಗೆ ಹೋಗಿ ನೋಡಿ. ಸೂರು ಎಷ್ಟು ಕೆಳಗೆ ಇಳಿದಿರುತ್ತದೆ ಅಂದರೆ ತಲೆ ಬಗ್ಗಿಸಿಯೇ ಜಗಲಿ ಹತ್ತಬೇಕು. ಪಾಯ ಮೊಣಕಾಲಿಗಿಂತ ಎತ್ತರ. ಪಡುವಣ ಗೋಡೆಗೆ ಸೌದೆ ಕೊಟ್ಟಿಗೆ ಆತುಕೊಂಡಿರುತ್ತದೆ. ಅಲ್ಲಿ ಗೋಡೆಗೆ ಮಳೆಯೇ ಮುಟ್ಟುವುದಿಲ್ಲ. ಮುಟ್ಟದ ಮಳೆ ಗೋಡೆಯನ್ನು ಕರಗಿಸುವುದಾದರೂ ಹೇಗೆ?

ಸಿಮೆಂಟು ಉಳಿಸುವುದು, ಮರಳು ಉಳಿಸುವುದು, ಪರಿಸರಕ್ಕೆ ಹೊರೆಯಾಗದ ಹಾಗೆ ಕಟ್ಟುವುದು ಎಲ್ಲವೂ ನಮ್ಮಲ್ಲಿ ಶುರುವಾಗಬೇಕಾದದ್ದು ಇಲ್ಲಿಂದ. ಮೂರು ವರ್ಷಕ್ಕೊಮ್ಮೆ ಗಾರೆ ಕಿತ್ತು ಬಣ್ಣ ಹೊಡೆಯುವ ಮನೆ, ಹತ್ತು ವರ್ಷಕ್ಕೆ ತಾರಸಿ ಮೇಲೆ ತಗಡು ಹೊದಿಸುವ ಮನೆ, ಯಾವ ಹಸಿರು ಸಾಮಾನಿನಲ್ಲಿ ಕಟ್ಟಿದ್ದರೂ ಹಸಿರಲ್ಲ. ಹಾಗಾಗಿ ಈ ಲೇಖನದ ಪ್ರತಿ ಹೆಜ್ಜೆಯಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳೋಣ: ಮಳೆ ಬಂದಾಗ ಇಲ್ಲಿ ನೀರು ಎಲ್ಲಿಗೆ ಹೋಗುತ್ತದೆ?

ಕ್ಯಾಲೆಂಡರ್ ಮೊದಲು, ನಕ್ಷೆ ಆಮೇಲೆ

ದೀಪಾವಳಿ ಕಳೆದ ಮೇಲೆ ಪಾಯ ತೆಗೆಯಿರಿ. ಸಂಕ್ರಾಂತಿ ಹೊತ್ತಿಗೆ ಇಟ್ಟಿಗೆ ಒತ್ತಿ ಮುಗಿಯಬೇಕು. ಯುಗಾದಿಗೆ ಗೋಡೆ ಏಳಬೇಕು. ಮೇ ಕೊನೆಯ ರೋಹಿಣಿ ಮಳೆಗೆ ಮೊದಲು ಮಾಡಿನ ಮೇಲೆ ಹಂಚು ಕೂರಬೇಕು. ಮೃಗಶಿರ ಹಿಡಿದರೆ ಆಮೇಲೆ ಯಾವ ಕೆಲಸವೂ ಸಾಗುವುದಿಲ್ಲ.

ಹೇಳುವುದು ಸುಲಭ. ನವೆಂಬರಿನಿಂದ ಫೆಬ್ರವರಿವರೆಗೆ ಊರಿನ ಜನವೆಲ್ಲ ಅಡಿಕೆ ಕೊಯ್ಲು, ಸುಲಿತದಲ್ಲಿರುತ್ತಾರೆ. ನಮಗೆ ಇಟ್ಟಿಗೆ ಒತ್ತಲು ಆಳು ಸಿಕ್ಕಿದ್ದು ಮಾರ್ಚ್ ಕೊನೆಗೆ. ಅದರ ಪೆಟ್ಟು ಏನು ಅಂತ ಮುಂದೆ ಹೇಳುತ್ತೇನೆ. ನೀವು ದಸರಾ ಹೊತ್ತಿಗೇ ಜನರನ್ನು ಗೊತ್ತು ಮಾಡಿಕೊಳ್ಳಿ. ಪಂಚಾಯಿತಿಯ ಪರವಾನಗಿ, ಜಾಗದ ಕಾಗದಪತ್ರ ಇವೆಲ್ಲ ಮಳೆಗಾಲದಲ್ಲೇ ಮುಗಿಸಿಕೊಳ್ಳಬಹುದು.

ಧರೆ ಕಡಿಯುವ ಮುನ್ನ

ಗುಡ್ಡದ ಇಳಿಜಾರಿನಲ್ಲಿ ಜಾಗ ಇದ್ದರೆ ಜೆಸಿಬಿ ತಂದು ಒಂದೇ ದಿನದಲ್ಲಿ ಸಮತಟ್ಟು ಮಾಡಿಸುವುದು ಈಗಿನ ರೂಢಿ. ಮನೆ ಹಿಂದೆ ಹದಿನೈದು ಅಡಿ ಧರೆ, ಅಂದರೆ ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆ, ನೆಟ್ಟಗೆ ನಿಂತಿರುತ್ತದೆ. ಬೇಸಿಗೆಯಲ್ಲಿ ಅದು ಕಲ್ಲಿನ ಹಾಗೆ ಗಟ್ಟಿ. ಜುಲೈಯಲ್ಲಿ ಒಳಗೆ ನೀರು ತುಂಬಿದಾಗ ಅದೇ ಮಣ್ಣಿನ ಭಾರ ಹೆಚ್ಚುತ್ತದೆ, ಕಣಗಳ ನಡುವಿನ ಹಿಡಿತ ಸಡಿಲಾಗುತ್ತದೆ. ಧರೆ ಕುಸಿಯುವುದು ಹೀಗೆ.

ಆದಷ್ಟು ಕಡಿಮೆ ಕಡಿಯಿರಿ. ಒಂದೇ ಎತ್ತರದ ಧರೆ ಬದಲು ಮೆಟ್ಟಿಲು ಮೆಟ್ಟಿಲಾಗಿ, ತಲಾ ನಾಲ್ಕೈದು ಅಡಿಗೆ ನಿಲ್ಲಿಸಿ. ಮನೆಯನ್ನೂ ಎರಡು ಮಟ್ಟದಲ್ಲಿ ಕಟ್ಟಬಹುದು. ಜಗಲಿಯಿಂದ ನಡುಮನೆಗೆ ಮೂರು ಮೆಟ್ಟಿಲು ಹತ್ತುವುದು ನಮ್ಮ ಹಳೆ ಮನೆಗಳಲ್ಲಿ ಇದ್ದದ್ದೇ ಅಲ್ವಾ? ಧರೆಯ ನೆತ್ತಿಯ ಮೇಲೆ ಒಂದು ಚರಂಡಿ ತೆಗೆದು ಮೇಲಿನಿಂದ ಹರಿದು ಬರುವ ನೀರನ್ನು ಪಕ್ಕಕ್ಕೆ ತಿರುಗಿಸಿ. ಧರೆಯ ಮುಖಕ್ಕೆ ಲಾವಂಚ ನೆಡಿ. ಅದರ ಬೇರು ಅಡ್ಡ ಹರಡದೆ ನೇರ ಕೆಳಗೆ ಎಂಟು ಹತ್ತು ಅಡಿ ಇಳಿದು ಮಣ್ಣನ್ನು ಹಿಡಿಯುತ್ತದೆ. ತಡೆಗೋಡೆ ಕಟ್ಟಲೇಬೇಕಾದರೆ ಸಿಮೆಂಟಿಲ್ಲದೆ ಜೋಡಿಸಿದ ಕಲ್ಲುಕಟ್ಟು, ಇಲ್ಲವೇ ತಂತಿ ಬುಟ್ಟಿಯಲ್ಲಿ ಕಲ್ಲು ತುಂಬಿದ ಗೋಡೆ ಕಟ್ಟಿಸಿ. ಅದರ ಸಂದಿಯಿಂದ ನೀರು ಹೊರಗೆ ಬರುತ್ತದೆ. ಕಾಂಕ್ರೀಟ್ ಗೋಡೆಯಾದರೆ ಮೂರು ನಾಲ್ಕು ಅಡಿಗೊಂದು ಪೈಪು ಇಟ್ಟು, ಅದರ ಹಿಂದೆ ಜಲ್ಲಿ ತುಂಬಬೇಕು. ಎತ್ತರ ಆರಡಿ ದಾಟಿದರೆ ಎಂಜಿನಿಯರ್ ಲೆಕ್ಕ ಇಲ್ಲದೆ ಕಟ್ಟಬೇಡಿ.

ಇನ್ನೊಂದು ಮಾತು. ಮಳೆನೀರು ಇಂಗಿಸುವುದು ಒಳ್ಳೆಯದು ಅಂತ ಧರೆಯ ಮೇಲ್ಭಾಗದಲ್ಲಿ ಇಂಗುಗುಂಡಿ ತೋಡಬೇಡಿ. ಆ ನೀರು ನೇರ ಧರೆಯ ಒಳಗೇ ಹೋಗುತ್ತದೆ. ಇಂಗುಗುಂಡಿ ಯಾವತ್ತೂ ಮನೆಯಿಂದ ಕೆಳಗಿನ ಮಟ್ಟದಲ್ಲಿರಲಿ.

ಮಣ್ಣನ್ನು ಬಾಟಲಿಗೆ ಹಾಕಿ ನೋಡಿ

ನನಗೆ ತುಂಬ ಇಷ್ಟವಾದ ಹೆಜ್ಜೆ ಇದು. ಮೇಲಿನ ಒಂದಡಿ ಮಣ್ಣು ತೆಗೆದು ತೋಟಕ್ಕೆ ಹಾಕಿ. ಅದರಲ್ಲಿ ಬೇರು, ಕೊಳೆತ ಎಲೆ ಇರುತ್ತದೆ, ಇಟ್ಟಿಗೆಗೆ ಆಗುವುದಿಲ್ಲ. ಅದರ ಕೆಳಗಿನ ಕೆಂಪು ಮಣ್ಣು ಎರಡು ಹಿಡಿ ತನ್ನಿ. ನೇರ ಬಾಯಿಯ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು ತುಂಬಿ, ಉಳಿದದ್ದಕ್ಕೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ, ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ ಇಡಿ. ಒಂದೆರಡು ನಿಮಿಷದಲ್ಲಿ ಮರಳು ತಳ ಹಿಡಿಯುತ್ತದೆ. ಅದರ ಮೇಲೆ ಸಣ್ಣ ಗೋಡು ಕೂರಲು ಗಂಟೆಗಳು ಬೇಕು. ಜೇಡಿ ಮಾತ್ರ ಮಾರನೆಯ ದಿನದ ತನಕ ನೀರನ್ನು ಕೆಂಪಾಗಿಯೇ ಇಟ್ಟಿರುತ್ತದೆ. ನಿಧಾನಕ್ಕೆ ನೀರು ತಿಳಿಯಾಗಿ ಮೂರು ಪದರ ಬೇರೆ ಬೇರೆ ಕಾಣುತ್ತವೆ. ಸ್ಕೇಲು ಹಿಡಿದು ಅಳೆಯಿರಿ.

ಸಿಮೆಂಟು ಸೇರಿಸಿ ಒತ್ತುವ ಇಟ್ಟಿಗೆಗೆ ಜೇಡಿ ನೂರಕ್ಕೆ 10ರಿಂದ 15 ಇದ್ದರೆ ಒಳ್ಳೆಯದು, ಮರಳು 60ಕ್ಕಿಂತ ಮೇಲೆ. ನಮ್ಮ ಮಣ್ಣಿನಲ್ಲಿ ಜೇಡಿ 30ರ ಹತ್ತಿರ ಬಂತು. ಮಲೆನಾಡಿನ ಕೆಂಪು ಮಣ್ಣಿನಲ್ಲಿ ಇದು ಸಾಮಾನ್ಯ. ಅಷ್ಟು ಜೇಡಿಯಲ್ಲಿ ಇಟ್ಟಿಗೆ ಒಣಗುವಾಗ ಬಿರಿಯುತ್ತದೆ. ಹಾಗಾಗಿ ಅರ್ಧಕ್ಕರ್ಧ ಕ್ವಾರಿ ಪುಡಿ ಬೆರೆಸಿದೆವು. ನಮ್ಮ ಕೆಂಪು ಮಣ್ಣಿನ ಒಂದು ಒಳ್ಳೆಯ ಗುಣ ಅಂದರೆ ನೆನೆದಾಗ ಜಾಸ್ತಿ ಉಬ್ಬುವುದಿಲ್ಲ. ಎರೆ ಮಣ್ಣು ಉಬ್ಬುತ್ತದೆ. ಅಂಥ ಮಣ್ಣಿರುವ ಕಡೆ ಸಿಮೆಂಟಿನ ಜೊತೆ ಸುಣ್ಣವೂ ಬೇಕು, ಪರೀಕ್ಷೆ ಮಾಡಿಸದೆ ಕೈ ಹಾಕಬಾರದು.

ನಮ್ಮ ಮೇಸ್ತ್ರಿ ಬಾಟಲಿ ನೋಡಿ ಸುಮ್ನೆ ತಲೆಯಾಡಿಸಿದರು. ಆಮೇಲೆ ಒಂದು ಚೂರು ಮಣ್ಣನ್ನು ಅಂಗೈಯಲ್ಲಿ ಉಜ್ಜಿ, ನೀರಲ್ಲಿ ಕೈ ತೊಳೆದು ತೋರಿಸಿದರು. "ಒಂದೇ ಸಲಕ್ಕೆ ಕೈ ಬಿಡಲ್ಲ ನೋಡಿ. ಜೇಡಿ ಜಾಸ್ತಿ ಅಂತ ಆವಾಗಲೇ ಹೇಳಿದ್ನಲ್ಲ." ಬಾಟಲಿ ಹೇಳಿದ್ದೂ ಅದನ್ನೇ.

ಇಟ್ಟಿಗೆ ಒತ್ತುವುದು

ಮಣ್ಣಿನ ಇಟ್ಟಿಗೆಯ ವಿಚಾರದಲ್ಲಿ ಕರ್ನಾಟಕಕ್ಕೆ ದೊಡ್ಡ ಹೆಸರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಕೇಂದ್ರ ಶುರುವಾಯಿತು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಅದರ ಗುರಿ. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಈ ಇಟ್ಟಿಗೆಯ ಮೇಲೆ ಕೆಲಸ ಮಾಡಿದರು. ಅವರ ಲೆಕ್ಕದ ಪ್ರಕಾರ ಸುಟ್ಟ ಇಟ್ಟಿಗೆಗೆ ಖರ್ಚಾಗುವ ಶಕ್ತಿಯ ಕಾಲು ಭಾಗ ಮಾತ್ರ ಇದಕ್ಕೆ ಸಾಕು. ಇದನ್ನು ಗೂಡಿನಲ್ಲಿ ಸುಡುವುದೇ ಇಲ್ಲವಲ್ಲ, ಸೌದೆ ಕಲ್ಲಿದ್ದಲು ಎರಡೂ ಉಳಿಯಿತು. ಇದಕ್ಕೆ ಭಾರತೀಯ ಮಾನಕವೂ ಇದೆ, ಐಎಸ್ 1725. ಸಾಲ ಕೊಡುವ ಬ್ಯಾಂಕಿನವರು "ಮಣ್ಣಿನ ಮನೆಗಾ?" ಅಂತ ಕೇಳಿದರೆ ಈ ನಂಬರು ಹೇಳಿ.

ಮಣ್ಣನ್ನು ಜರಡಿ ಹಿಡಿದು, ತೂಕದಲ್ಲಿ ನೂರಕ್ಕೆ 7 ಭಾಗ ಸಿಮೆಂಟು ಒಣಗಿದಂತೆಯೇ ಬೆರೆಸಿ. ಆಮೇಲೆ ನೀರು ಚಿಮುಕಿಸಿ. ನೀರು ಎಷ್ಟು ಅನ್ನುವುದಕ್ಕೆ ಒಂದು ಪರೀಕ್ಷೆ ಇದೆ. ಒಂದು ಉಂಡೆ ಕಟ್ಟಿ ಎದೆಯ ಎತ್ತರದಿಂದ ಗಟ್ಟಿ ನೆಲಕ್ಕೆ ಬೀಳಿಸಿ. ನಾಲ್ಕೈದು ಹೋಳಾದರೆ ಹದ ಸರಿ. ಪುಡಿಪುಡಿಯಾದರೆ ನೀರು ಸಾಲದು. ಅಪ್ಪಚ್ಚಿಯಾಗಿ ಕೂತರೆ ನೀರು ಜಾಸ್ತಿ. ಪ್ರತಿ ಕಲಸಿಗೂ ಇದನ್ನು ಮಾಡಿ, ಬೇಸರ ಬೇಡ. ಸಿಮೆಂಟು ಬೆರೆಸಿ ನೀರು ಹಾಕಿದ ಮೇಲೆ ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಿ. ದೊಡ್ಡ ರಾಶಿ ಕಲಸಿಟ್ಟು ಊಟಕ್ಕೆ ಹೋಗಬಾರದು.

230, 190, 100 ಮಿಲಿಮೀಟರಿನ ಒಂದು ಇಟ್ಟಿಗೆ ಒಣಗಿದ ಮೇಲೆ ಸುಮಾರು 8 ಕೆಜಿ ತೂಗುತ್ತದೆ. ಅಂದರೆ ಒಂದು ಮೂಟೆ ಸಿಮೆಂಟಿಗೆ 90ರಿಂದ 100 ಇಟ್ಟಿಗೆ. ನಮ್ಮ ಮನೆಗೆ ಬೇಕಾದದ್ದು 7,000. ಕೈಯಲ್ಲಿ ಒತ್ತುವ ಯಂತ್ರ ಬಾಡಿಗೆಗೆ ತಂದು, ಏಳು ಜನ ಸೇರಿ ದಿನಕ್ಕೆ 400 ಚಿಲ್ಲರೆ ಒತ್ತಿದೆವು. ಯಂತ್ರ ಎಲ್ಲಿ ಸಿಗುತ್ತದೆ, ಯಾರು ಒತ್ತುತ್ತಾರೆ ಅಂತ ತಿಳಿಯದಿದ್ದರೆ ಶಿವಮೊಗ್ಗದ ನಿರ್ಮಿತಿ ಕೇಂದ್ರದಲ್ಲಿ ವಿಚಾರಿಸಿ.

ಒತ್ತಿದ ಇಟ್ಟಿಗೆಯನ್ನು ನೆರಳಲ್ಲಿ ಜೋಡಿಸಿ, ಅಡಿಕೆ ಸೋಗೆ ಮುಚ್ಚಿ, 21ರಿಂದ 28 ದಿನ ನೀರು ಚಿಮುಕಿಸುತ್ತಿರಬೇಕು. ಇಲ್ಲೇ ನಾವು ಎಡವಿದ್ದು. ಏಪ್ರಿಲ್ ಎರಡನೇ ವಾರ, ಸಂಜೆ ನಾಲ್ಕಕ್ಕೆ ಆಗುಂಬೆ ಕಡೆ ಗುಡುಗಿತು. ಓಡಿ ಹೋಗಿ ಅಟ್ಟಿಯ ಮೇಲೆ ಟಾರ್ಪಾಲು ಎಳೆದೆವು. ಮೇಲಿನದ್ದೆಲ್ಲ ಉಳಿಯಿತು. ಆದರೆ ಅಂಗಳದ ನೀರು ಅಟ್ಟಿಯ ಅಡಿಯಿಂದ ಹರಿದಿತ್ತು. ಬೆಳಿಗ್ಗೆ ನೋಡಿದರೆ ಕೆಳಗಿನ ಸಾಲು, ಹಿಂದಿನ ದಿನವಷ್ಟೇ ಒತ್ತಿದ್ದ ಅರವತ್ತು ಇಟ್ಟಿಗೆ, ನೀರಲ್ಲಿ ನೆನೆದ ಬೆಲ್ಲದ ಅಚ್ಚಿನ ಹಾಗೆ ಮೂಲೆ ಕರಗಿ ದುಂಡಗಾಗಿದ್ದವು. ಅಡಿ ಕರಗಿದ್ದಕ್ಕೆ ಅದರ ಮೇಲಿನ ಸಾಲೂ ವಾಲಿತ್ತು. ಅವನ್ನೆಲ್ಲ ಪಾಯದೊಳಗೆ ತುಂಬಿದೆವು. ಅವತ್ತಿನಿಂದ ಅಡಿಕೆ ಮರದ ತುಂಡು ಹಾಸಿ, ನೆಲದಿಂದ ಅರ್ಧ ಅಡಿ ಮೇಲೆಯೇ ಅಟ್ಟಿ ಹಾಕಿದೆವು, ಸುತ್ತ ಗುದ್ದಲಿಯಲ್ಲಿ ಕಾಲುವೆ ಎಳೆದೆವು. ಇಷ್ಟು ಮೊದಲೇ ಮಾಡಿದ್ದರೆ ಸಾಕಿತ್ತು.

28 ದಿನದ ಮೇಲೆ ನಾಲ್ಕು ಇಟ್ಟಿಗೆ ಆರಿಸಿ ಒಂದಿಡೀ ದಿನ ನೀರಲ್ಲಿ ಮುಳುಗಿಸಿಡಿ. ತೆಗೆದು ಅಂಚನ್ನು ಹೆಬ್ಬೆರಳಿಂದ ಒತ್ತಿ. ಉದುರಬಾರದು. ಬಲದ ಪರೀಕ್ಷೆ ಮಾಡಿಸುವುದಾದರೂ ನೆನೆದ ಇಟ್ಟಿಗೆಯದ್ದನ್ನೇ ಮಾಡಿಸಿ. ಒಣಗಿದ್ದಾಗ ಬರುವ ಅಂಕಿ ನಮ್ಮ ಜುಲೈ ತಿಂಗಳಿಗೆ ಉಪಯೋಗವಿಲ್ಲ.

ಮಣ್ಣು ತೆಗೆದ ಗುಂಡಿ ಮುಚ್ಚಬೇಡಿ. ನಮ್ಮದು 12 ಅಡಿ ಉದ್ದ, 10 ಅಡಿ ಅಗಲ, 6 ಅಡಿ ಆಳ ಆಯಿತು. ಅಂದರೆ 20,000 ಲೀಟರ್ ನೀರು ಹಿಡಿಯುವ ಜಾಗ. ಅದು ಮನೆಯ ಕೆಳಗಿನ ಮಟ್ಟದಲ್ಲಿ ಬರುವ ಹಾಗೆ ಮೊದಲೇ ಜಾಗ ಗೊತ್ತು ಮಾಡಿಕೊಂಡಿದ್ದೆವು. ಗೋಡೆಗೆ ಮಣ್ಣು ಕೊಟ್ಟ ಗುಂಡಿಯೇ ಈಗ ನಮ್ಮ ಇಂಗುಗುಂಡಿ.

ಪಾಯ ಮತ್ತು ಜಂಬಿಟ್ಟಿಗೆ

ಮಣ್ಣಿನ ಇಟ್ಟಿಗೆ ನೆಲಕ್ಕೆ ತಾಗಬಾರದು. ಪಾಯಕ್ಕೆ ಸೈಜುಗಲ್ಲು ಹಾಕಿ, ನೆಲದಿಂದ ಎರಡೂವರೆ ಅಡಿ ಮೇಲೆ ತನ್ನಿ. ಸೂರಿನಿಂದ ಬಿದ್ದ ನೀರು ನೆಲಕ್ಕೆ ಹೊಡೆದು ಪುಟಿಯುವುದು ಹೆಚ್ಚೂಕಡಿಮೆ ಅಲ್ಲಿಯವರೆಗೆ. ಪಾಯದ ಮೇಲೆ ಮೇಸ್ತ್ರಿಗಳು ಡಿಪಿಸಿ ಅನ್ನುವ ತೇವ ತಡೆಯುವ ಪದರ ಹಾಕದೆ ಒಂದು ಇಟ್ಟಿಗೆಯನ್ನೂ ಇಡಬೇಡಿ. ಶೀತ ಏರುವುದನ್ನು ಅದು ತಡೆಯುತ್ತದೆ. ಪಾಯ, ಕಿಟಕಿ ಬಾಗಿಲ ನೆತ್ತಿ ಎರಡೂ ಕಡೆ ಮನೆ ಸುತ್ತ ಕಾಂಕ್ರೀಟ್ ಪಟ್ಟಿ ಬರಲಿ. ಅದು ಗೋಡೆಗಳನ್ನು ಒಟ್ಟಿಗೆ ಹಿಡಿದಿಡುತ್ತದೆ.

ಜಂಬಿಟ್ಟಿಗೆ ಸಿಗುವ ಕಡೆ ಅದನ್ನೇ ಹಾಕಬಹುದು. ನೆಲದಲ್ಲಿರುವಾಗ ಕೊಡಲಿಯಲ್ಲಿ ಕಡಿಯುವಷ್ಟು ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುವ ಕಲ್ಲು ಇದು. ಅದಕ್ಕೆ ಕಡಿದು ಒಂದೆರಡು ತಿಂಗಳು ಹೊರಗಿಟ್ಟು ಒಣಗಿಸಿದ ಕಲ್ಲನ್ನೇ ಕೇಳಿ. ಬಿಳಿ ಶೇಡಿ ತುಂಬಿದ ತೂತುಗಳು ಜಾಸ್ತಿ ಇದ್ದರೆ ಬೇಡ. ಮಳೆಗೆ ಶೇಡಿ ತೊಳೆದು ಹೋಗಿ ಕಲ್ಲು ಜೊಳ್ಳಾಗುತ್ತದೆ. ಆದರೆ ಇಡೀ ಮನೆಯನ್ನು ಅದರಲ್ಲೇ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಕಲ್ಲು ತೆಗೆದ ಗುಡ್ಡದಲ್ಲಿ ಮತ್ತೆ ಹುಲ್ಲೂ ಸರಿಯಾಗಿ ಹುಟ್ಟುವುದಿಲ್ಲ. ಪರವಾನಗಿ ಇರುವ ಕಣಿಯಿಂದ, ಬೇಕಾದಷ್ಟೇ ತನ್ನಿ.

ಸಿಮೆಂಟು ಎಲ್ಲಿ ಬೇಕೋ ಅಲ್ಲಿ, ಬೇಕಾದ ಬಗೆಯದ್ದು

ಸುಣ್ಣದ ಕಲ್ಲನ್ನು 1,450 ಡಿಗ್ರಿ ಹತ್ತಿರ ಸುಟ್ಟು, ಸಿಮೆಂಟಿನ ಮೂಲ ಸಾಮಾನಾದ ಕ್ಲಿಂಕರ್ ಮಾಡುತ್ತಾರೆ. ಒಂದು ಟನ್ ಕ್ಲಿಂಕರಿಗೆ 800 ಕೆಜಿಗೂ ಮೇಲೆ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಬರುವುದು ಕಲ್ಲಿನಿಂದಲೇ, ಉರುವಲಿನಿಂದಲ್ಲ. ಹಾಗಾಗಿ ಕ್ಲಿಂಕರ್ ಕಡಿಮೆ ಇರುವ ಸಿಮೆಂಟು ಕೇಳಿ. ಹಾರುಬೂದಿ ಬೆರೆತ ಪಿಪಿಸಿಯಲ್ಲಿ ನೂರಕ್ಕೆ 15ರಿಂದ 35 ಭಾಗ ಬೂದಿ ಇರುತ್ತದೆ. ಸ್ಲ್ಯಾಗ್ ಸಿಮೆಂಟಿನಲ್ಲಿ ಕಬ್ಬಿಣದ ಕುಲುಮೆಯ ಕಿಟ್ಟ 25ರಿಂದ 70 ಭಾಗದವರೆಗೂ ಇರಬಹುದು. ಈಗ ಎಲ್‌ಸಿ3 ಅನ್ನುವ ಹೊಸ ಬಗೆಯೂ ಬಂದಿದೆ. ಸುಟ್ಟ ಜೇಡಿ, ಸುಡದ ಸುಣ್ಣದ ಕಲ್ಲು ಸೇರಿಸಿ ಕ್ಲಿಂಕರನ್ನು ಅರ್ಧಕ್ಕೆ ಇಳಿಸುತ್ತಾರೆ. ಇದಕ್ಕೆ 2023ರಲ್ಲಿ ಭಾರತೀಯ ಮಾನಕ ಸಿಕ್ಕಿದೆ. ನಮ್ಮ ಊರಿನ ಅಂಗಡಿಯಲ್ಲಿ ಸದ್ಯಕ್ಕೆ ಸುಲಭವಾಗಿ ಸಿಗುವುದು ಪಿಪಿಸಿ. ಅದು ಸಾಕು.

ಈ ಸಿಮೆಂಟುಗಳು ನಿಧಾನಕ್ಕೆ ಗಟ್ಟಿಯಾಗುತ್ತವೆ. ಏಳು ದಿನದ ಬದಲು ಕನಿಷ್ಠ ಹತ್ತು ದಿನ ನೀರುಣಿಸಿ. ಡಿಸೆಂಬರಿನ ಚಳಿಯಲ್ಲಿ ಸೆಂಟ್ರಿಂಗ್ ಬಿಚ್ಚಲು ಅವಸರ ಮಾಡಬೇಡಿ.

ಮರಳಿಗೆ ತುಂಗೆಯನ್ನು ಬಗೆಯುವುದು ಬೇಡ. ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡ್, ತೊಳೆದದ್ದು, ಧಾರಾಳವಾಗಿ ಸಾಕಾಗುತ್ತದೆ. ಹಸಿ ಅಂಗೈಯಲ್ಲಿ ಉಜ್ಜಿ ನೋಡಿ, ಬೂದಿಯಂಥ ಪುಡಿ ಮೆತ್ತಿದರೆ ಆ ಲೋಡು ವಾಪಸ್ ಕಳಿಸಿ.

ಮಾಡು: ಮನೆಯ ಅರ್ಧ ಆಯಸ್ಸು ಇಲ್ಲಿದೆ

ಸಮತಟ್ಟಾದ ತಾರಸಿ ಹಾಕಿ, ಸೋರಿದ ಮೇಲೆ ಅದರ ಮೇಲೆ ತಗಡಿನ ಮಾಡು ಕಟ್ಟಿಸಿದ ಮನೆಗಳನ್ನು ತೀರ್ಥಹಳ್ಳಿಯಿಂದ ಸಾಗರದವರೆಗೆ ದಾರಿಯುದ್ದಕ್ಕೂ ನೋಡಬಹುದು. ಒಂದು ಮನೆಗೆ ಎರಡು ಮಾಡಿನ ಖರ್ಚು. ಮೊದಲೇ ಇಳಿಜಾರು ಮಾಡು ಹಾಕಿ. 12 ಅಡಿ ಅಡ್ಡಕ್ಕೆ 7 ಅಡಿ ಏರು ಇದ್ದರೆ 30 ಡಿಗ್ರಿ ಆಗುತ್ತದೆ, ಹಂಚಿಗೆ ಅದಕ್ಕಿಂತ ಕಡಿಮೆ ಬೇಡ. ಸೂರು ಗೋಡೆಯಿಂದ ಮೂರಡಿ ಹೊರಗೆ ಚಾಚಲಿ. ಇದರಲ್ಲಿ ಒಂದಿಂಚೂ ರಾಜಿ ಮಾಡಿಕೊಳ್ಳಬೇಡಿ.

ಮಂಗಳೂರು ಹಂಚು 1865ರಲ್ಲಿ ಬಾಸೆಲ್ ಮಿಷನ್ ಕಾರ್ಖಾನೆಯಲ್ಲಿ ಶುರುವಾದದ್ದು. ಹಳೆ ಮನೆ ಬಿಚ್ಚಿದ ಕಡೆ ಹಂಚು, ಪಕಾಸಿ, ತೊಲೆ, ಬಾಗಿಲು ಎಲ್ಲ ಮಾರಾಟಕ್ಕೆ ಸಿಗುತ್ತವೆ. ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಅಂದರೆ ಗಟ್ಟಿ, ಮಂಕು ಸದ್ದು ಬಂದರೆ ಒಳಗೆ ಬಿರುಕಿದೆ. ನಾವು ಕೊಂಡ ಹಂಚಿನಲ್ಲಿ ಹತ್ತಕ್ಕೆ ಒಂದು ಹೀಗೆ ಹೋಯಿತು. ಹಳೆ ಮರವನ್ನು ಮೊಳೆಯಿಂದ ಚುಚ್ಚಿ ಗೆದ್ದಲು, ಕುಟ್ಟೆ ನೋಡಿ. ನಾವು ಪಕಾಸಿ ಹಳೆ ನಂದಿ ಮರದ್ದು ಹಾಕಿದೆವು. ಅದಕ್ಕಾಗಿ ಹೊಸದಾಗಿ ಒಂದು ಮರವನ್ನೂ ಕಡಿಯಲಿಲ್ಲ ಅನ್ನುವ ಸಮಾಧಾನ ಇದೆ.

ಮಂಗನ ಕಾಟದ ಮಾತು ಬರಲೇಬೇಕು. ಹಂಚು ಬಿಟ್ಟು ತಗಡಿಗೆ ಹೋದವರಲ್ಲಿ ಎಷ್ಟೋ ಜನ ಮಂಗನಿಂದಾಗಿಯೇ ಹೋದವರು. ಮಾಡಿನ ಮೇಲೆ ಚಾಚಿದ ಕೊಂಬೆಗಳನ್ನು ಸವರಿಸಿ. ಸೂರಿನ ಮತ್ತು ಕೋಳಿನ, ಅಂದರೆ ಮಾಡಿನ ನೆತ್ತಿಯ, ಸಾಲು ಹಂಚುಗಳನ್ನು ತಂತಿಯಿಂದ ಬಿಗಿಯಿರಿ. ಕಾಟ ತೀರಾ ಜಾಸ್ತಿ ಇರುವ ಊರಾದರೆ ಇಳಿಜಾರಾಗಿಯೇ ಫಿಲ್ಲರ್ ಸ್ಲ್ಯಾಬ್ ಹಾಕಿಸಿ. ಸ್ಲ್ಯಾಬಿನ ಕೆಳಭಾಗದಲ್ಲಿ ಕಬ್ಬಿಣ ಮಾತ್ರ ಕೆಲಸ ಮಾಡುತ್ತದೆ, ಕಾಂಕ್ರೀಟಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಆ ಜಾಗದಲ್ಲಿ ಹಳೆ ಹಂಚು ಕೂರಿಸಿ ಕಾಂಕ್ರೀಟ್ ಉಳಿಸುವ ಈ ಉಪಾಯವನ್ನು ಕೇರಳದಲ್ಲಿ ಲಾರಿ ಬೇಕರ್ ಮನೆಮನೆಗೆ ಮುಟ್ಟಿಸಿದರು. ಎಂಜಿನಿಯರ್ ಕೈಯಲ್ಲೇ ಕಬ್ಬಿಣದ ಲೆಕ್ಕ ಹಾಕಿಸಿ.

ಗಾರೆ, ಮತ್ತು ಪಡುವಣ ಗೋಡೆ

ಮಣ್ಣಿನ ಇಟ್ಟಿಗೆಗೆ ಹೊರಗಡೆ ಸಿಮೆಂಟ್ ಗಾರೆ ಬೇಡ. ಎಲ್ಲೋ ಒಂದು ಕೂದಲೆಳೆ ಬಿರುಕಿನಿಂದ ಒಳಹೋದ ನೀರು ಹೊರಗೆ ಬರಲಾಗದೆ ಗಾರೆಯನ್ನೇ ಹಲಗೆಯ ಹಾಗೆ ಎಬ್ಬಿಸುತ್ತದೆ. ಸಂದಿ ಮಾತ್ರ ಪಾಯಿಂಟಿಂಗ್ ಮಾಡಿ ಹಾಗೇ ಬಿಡಿ. ಒಳಗೆ ಸುಣ್ಣದ ಗಾರೆ ಮಾಡಿಸಿದರೆ ಗೋಡೆ ಉಸಿರಾಡುತ್ತದೆ, ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟಿನ ವಾಸನೆಯೂ ಕಡಿಮೆ.

ಎರಚಲು ಹೊಡೆಯುವುದು ಪಡುವಣ ಮತ್ತು ನೈರುತ್ಯದಿಂದ. ಆ ಕಡೆ ಮಲಗುವ ಕೋಣೆ ಇಡದೆ ಬಚ್ಚಲು, ಸೌದೆ ಕೊಟ್ಟಿಗೆ, ಉಗ್ರಾಣ ಬರುವ ಹಾಗೆ ನಕ್ಷೆ ಮಾಡಿಸಿ. ನಮ್ಮ ಅಜ್ಜಯ್ಯ ಮೇ ತಿಂಗಳಲ್ಲಿ ಸೋಗೆ ತಟ್ಟಿ ಕಟ್ಟುತ್ತಿದ್ದರು, ದೀಪಾವಳಿಗೆ ಬಿಚ್ಚುತ್ತಿದ್ದರು. ನಾವು ಈಗಲೂ ಪಡುವಣ ಕಿಟಕಿಗೆ ಅದನ್ನೇ ಕಟ್ಟುತ್ತೇವೆ. ಬೆಳಕು ಸ್ವಲ್ಪ ಕಡಿಮೆ ಆಗುತ್ತದೆ ನಿಜ, ಗೋಡೆ ಮಾತ್ರ ಬೆಚ್ಚಗಿರುತ್ತದೆ.

ಮಾಡಿನ ನೀರು

ಇಷ್ಟು ಮಳೆಯ ಊರಿನಲ್ಲಿ ಏಪ್ರಿಲ್ ಬಂದರೆ ಬಾವಿ ತಳ ಕಾಣುತ್ತದೆ. 1,000 ಚದರಡಿ ಮಾಡಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 930 ಲೀಟರ್ ನೀರು. ಸೂರಿಗೆ ದೋಣಿ ಕಟ್ಟಿ, ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟು, ಆಮೇಲಿನದನ್ನು ಜಲ್ಲಿ ಮರಳಿನ ಸೋಸುಪೆಟ್ಟಿಗೆ ಮೂಲಕ ತೊಟ್ಟಿಗೆ ತುಂಬಿ. ತುಂಬಿ ಹರಿದದ್ದು ಇಂಗುಗುಂಡಿಗೆ. ದೋಣಿ ದೊಡ್ಡದಿರಲಿ. ಪೇಟೆಯ ಅಳತೆಯ ನಾಲ್ಕಿಂಚಿನ ದೋಣಿ ನಮ್ಮಲ್ಲಿ ಹದಿನೈದು ನಿಮಿಷಕ್ಕೆ ಉಕ್ಕಿ, ನೀರು ಗೋಡೆಗೇ ಹೊಡೆಯುತ್ತದೆ.

ಮೊದಲ ಮಳೆಗಾಲ

ಕೊನೆಯ ಹೆಜ್ಜೆ ಗೃಹಪ್ರವೇಶದ ನಂತರದ್ದು. ಆರಿದ್ರ ಮಳೆ ಜೋರಾಗಿ ಹೊಡೆಯುವಾಗ ಕೊಡೆ ಹಿಡಿದು ಮನೆ ಸುತ್ತ ಒಂದು ಸುತ್ತು ಬನ್ನಿ, ಕೈಯಲ್ಲಿ ಇದ್ದಿಲಿನ ತುಂಡು ಇರಲಿ. ನೀರು ಪುಟಿದು ಪಾಯದ ಮೇಲೆ ಎಲ್ಲಿಯವರೆಗೆ ಏರಿದೆಯೋ ಅಲ್ಲಿ ಗೆರೆ ಎಳೆಯಿರಿ. ಗೆರೆ ಇಟ್ಟಿಗೆಯ ಸಾಲಿಗೆ ಮುಟ್ಟಿದ ಕಡೆ, ಸೂರಿನ ನೀರು ಬೀಳುವ ಸಾಲಿಗೆ ಎರಡಡಿ ಅಗಲಕ್ಕೆ ಉರುಟು ಜಲ್ಲಿ ಹಾಸಿ. ಜಲ್ಲಿಯ ಮೇಲೆ ಬಿದ್ದ ನೀರು ಅಷ್ಟು ಪುಟಿಯುವುದಿಲ್ಲ, ಮಣ್ಣೂ ಎರಚುವುದಿಲ್ಲ. ಅಂಗಳದಲ್ಲಿ ನೀರು ನಿಂತ ಜಾಗಕ್ಕೆ ಒಂದು ಗೂಟ ಹೊಡೆದು ಗುರುತು ಮಾಡಿ, ಹೊಳವಾದಾಗ ಅಲ್ಲಿಂದ ಕಾಲುವೆ ತೆಗೆಯಿರಿ. ನಮ್ಮ ಮನೆಯಲ್ಲಿ ಹೀಗೆ ಮೂರು ಕಡೆ ಜಲ್ಲಿ, ಎರಡು ಕಾಲುವೆ ಬೇಕಾಯಿತು. ಆಶ್ಲೇಷ ಮಳೆ ಹಿಡಿಯುವ ಮೊದಲು ಮುಗಿಸಿದೆವು.